‘ಸೂಪರ್’ ಅಂದವರ ನಡುವೆ ಒಬ್ಬರು ‘ನಾ ಏನ್ ನೋಡ್ಲಿ?’ ಅಂದರು

ಪ್ರಶ್ನೆ: ನಾನು ಜಮಖಂಡಿಯವಳು, ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ಒಂದೂವರೆ ವರ್ಷದ ಹಿಂದೆ ಕ್ಯಾಮೆರಾ ತೊಗೊಂಡೆ. ಗುಡ್ಡ, ಕೆರೆ, ಹೊಲ, ಮೋಡ ತೆಗೆಯುವುದೇ ನನಗಿಷ್ಟ. ಮೊನ್ನೆ ಬಾದಾಮಿಗೆ ಹೋಗಿ ಅಗಸ್ತ್ಯ ತೀರ್ಥ ಕೆರೆಯ ಫೋಟೋ ತೆಗೆದು ಪರಿಚಯದವರಿಗೆಲ್ಲ ತೋರಿಸಿದೆ. ಎಲ್ಲರೂ ‘ಸೂಪರ್’ ಅಂದರು. ನಮ್ಮ ಫೋಟೋ ಬಳಗದ ಹಿರಿಯರೊಬ್ಬರು ಮಾತ್ರ ಸ್ವಲ್ಪ ಹೊತ್ತು ನೋಡಿ, ‘ಚೊಲೋ ಐತ್ರಿ ಟೀಚರ್. ಆದ್ರ ಇದ್ರಾಗ ನಾ ಏನ್ ನೋಡ್ಲಿ?’ ಅಂದರು. ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ. ಈಗ ಬಳಗದವರೆಲ್ಲ ತಿಂಗಳಿಗೊಮ್ಮೆ ಕೂತು ಒಬ್ಬರ ಫೋಟೋ ಬಗ್ಗೆ ಇನ್ನೊಬ್ಬರು ಮಾತಾಡಬೇಕು ಅಂತ ಮಾಡಿದ್ದಾರೆ. ನಾನೇ ಇನ್ನೂ ಕಲಿಯುವವಳು, ಬೇರೆಯವರಿಗೆ ಏನು ಹೇಳಲಿ? ಸುಳ್ಳು ಹೊಗಳಲು ಮನಸ್ಸಿಲ್ಲ, ನೋಯಿಸಲೂ ಆಗುವುದಿಲ್ಲ. ನನ್ನ ಫೋಟೋಗೆ ಯಾರಾದರೂ ಹೇಳಿದರೆ ಹೇಗೆ ತೊಗೋಬೇಕು? ಆ ಫೋಟೋ ಜೊತೆಗೆ ಕಳಿಸಿದ್ದೇನೆ.

ಉತ್ತರ: ಟೀಚರ್, ನಾನು ಮೊದಲು ಫೋಟೋ ನೋಡಿದೆ, ಪತ್ರ ಆಮೇಲೆ ಓದಿದೆ. ಬೇಕಂತಲೇ ಹಾಗೆ ಮಾಡಿದ್ದು. ಪತ್ರ ಮೊದಲು ಓದಿದ್ದರೆ ಫೋಟೋದಲ್ಲಿ ಇಲ್ಲದ್ದನ್ನೂ ನಿಮ್ಮ ಪರವಾಗಿ ನಾನೇ ತುಂಬಿಕೊಳ್ಳುತ್ತಿದ್ದೆ.

ಕಂಡದ್ದನ್ನು ಹೇಳುತ್ತೇನೆ. ನೀವು ಊರ ಕಡೆಯ ಮೆಟ್ಟಿಲ ಮೇಲೆ ನಿಂತಿದ್ದೀರಿ. ಹೊತ್ತು ಸುಮಾರು ಮಧ್ಯಾಹ್ನ, ಏಕೆಂದರೆ ಬಂಡೆಗಳ ನೆರಳು ಅವುಗಳ ಬುಡದಲ್ಲೇ ಮುದುಡಿಕೊಂಡಿದೆ, ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನ 18 ಎಂಎಂ ತುದಿ, ಅಂದರೆ ಎಲ್ಲಕ್ಕಿಂತ ಅಗಲವಾಗಿ ತೋರಿಸುವ ತುದಿ ಇರಬೇಕು. ಕೆಳಗಿನ ಅರ್ಧ ಪೂರ್ತಿ ನೀರು. ಎಡಕ್ಕೆ ಕೆಂಪು ಬಂಡೆ. ಆ ತುದಿಯಲ್ಲಿ ಭೂತನಾಥ ಗುಡಿ, ಕಿರುಬೆರಳ ಉಗುರಿನಷ್ಟು. ನನ್ನ ಕಣ್ಣು ಮೊದಲು ಹೋದದ್ದು ಗುಡಿಗೂ ಅಲ್ಲ, ಬಂಡೆಗೂ ಅಲ್ಲ. ಬಲಗಡೆ ಕೆಳಮೂಲೆಯಲ್ಲಿ ಬಟ್ಟೆ ಒಗೆಯುತ್ತಾ ಕೂತ ಹೆಣ್ಣುಮಗಳ ಹಳದಿ ಸೀರೆಗೆ. ಅವರ ಅರ್ಧ ಮೈ ಫ್ರೇಮಿನಿಂದ ಹೊರಗಿದೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಕಣ್ಣು ನೀರಿನ ಮೇಲೆ ಸುಮ್ನೆ ಅಡ್ಡಾಡಿ ಹೊರಗೆ ಬಂತು.

ಆಮೇಲೆ ಪತ್ರ ಓದಿದೆ. ಆ ಹಿರಿಯರೂ ಇದನ್ನೇ ಹೇಳಿದ್ದಾರೆ, ಅಲ್ವಾ? ನಾನು ನೂರು ಪದದಲ್ಲಿ ಹೇಳಿದ್ದನ್ನು ಅವರು ನಾಲ್ಕು ಪದದಲ್ಲಿ ಮುಗಿಸಿದ್ದಾರೆ. ಅವರನ್ನು ಬಿಡಬೇಡಿ.

ನಿಮಗೆ ಯಾಕೆ ನೋವಾಯಿತು ಅನ್ನುವುದೂ ನನಗೆ ಗೊತ್ತು. ನಸುಕಿನಲ್ಲಿ ಎದ್ದು ಬಸ್ ಹಿಡಿದಿರಿ. ಬಿಸಿಲಲ್ಲಿ ಗುಹೆಗಳ ಮೆಟ್ಟಿಲು ಹತ್ತಿ ಇಳಿದಿರಿ. ಮಂಗ ನಿಮ್ಮ ಕೈಯ ಬಿಸ್ಕತ್ತಿನ ಪುಡಿಕೆ ಕಸಿದುಕೊಂಡಿದ್ದರೂ ಆಶ್ಚರ್ಯವಿಲ್ಲ, ಬಾದಾಮಿಗೆ ಹೋದವರಿಗೆಲ್ಲ ಅದು ಆಗಿದ್ದೇ. ಕೊನೆಗೆ ಕೆರೆಯ ಹತ್ತಿರ ಬಂದಾಗ ನೀರಿನ ಮೇಲಿಂದ ತಣ್ಣನೆ ಗಾಳಿ ಬೀಸಿತು, ಮನಸ್ಸು ಹಗುರಾಯಿತು, ಬಟನ್ ಒತ್ತಿದಿರಿ. ಈಗ ಆ ಫೋಟೋ ತೆರೆದರೆ ನಿಮಗೆ ಆ ಗಾಳಿ ಕಾಣುತ್ತದೆ. ಹಿರಿಯರಿಗೆ ಗಾಳಿ ಕಾಣುವುದಿಲ್ಲ. ಅವರ ಮುಂದೆ ಇರುವುದು ಒಂದು ಆಯತ, ಅದರಲ್ಲಿ ನೀರು, ಕಲ್ಲು, ಮೂಲೆಯಲ್ಲಿ ಹಳದಿ. ಫೋಟೋದಲ್ಲಿ ಏನಿದೆ, ನಿಮ್ಮ ನೆನಪಿನಲ್ಲಿ ಏನಿದೆ, ಇವೆರಡನ್ನು ಬೇರೆ ಮಾಡಿಕೊಡುವವರು ಬೇಕು. ಅದು ನಮ್ಮಿಂದ ನಮಗೇ ಆಗುವ ಕೆಲಸವಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಿಲ್ಲ.

ನನ್ನದೇ ಒಂದು ಹೇಳುತ್ತೇನೆ. ಬಹಳ ವರ್ಷದ ಹಿಂದಿನ ಮಾತು. ಶ್ರಾವಣದಲ್ಲಿ ಗೋಕಾಕ ಜಲಪಾತಕ್ಕೆ ಹೋಗಿದ್ದೆ. ಘಟಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಕಿವಿ ಗುಯ್ಯೆನ್ನುವ ಸದ್ದು, ಮುಖದ ಮೇಲೆ ಹನಿ, ಲೆನ್ಸ್ ಒರೆಸಿ ಒರೆಸಿ ಕರ್ಚೀಫು ಒದ್ದೆ. ಬರೀ ನೀರು ಬೀಳುವುದನ್ನೇ ಬಿಗಿಯಾಗಿ ಫ್ರೇಮಿನಲ್ಲಿ ತುಂಬಿ ತೆಗೆದೆ. ಬೆಳಗಾವಿಗೆ ಬಂದವನೇ ದೊಡ್ಡ ಪ್ರಿಂಟ್ ಹಾಕಿಸಿ ನನಗೆ ಪರಿಚಯವಿದ್ದ ಒಬ್ಬ ಡ್ರಾಯಿಂಗ್ ಮಾಸ್ತರರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

‘ನೀರು ಎಷ್ಟ್ ಎತ್ತರದಿಂದ ಬೀಳ್ತದೋ ತಮ್ಮಾ?’

‘ನೂರಾ ಎಪ್ಪತ್ತು ಫೂಟ್ ರೀ ಸರ.’

‘ಹೌದನು? ಇದ್ರಾಗ ನಮ್ಮ ಕಾಲುವಿ ತೂಬಿನಿಂದ ಬಿದ್ದಂಗ ಕಾಣ್ತದಲ್ಲೋ.’

ಹೊಟ್ಟೆ ಉರಿಯಿತು. ಇವರು ಗೋಕಾಕ ನೋಡಿಲ್ಲವೇ ಅಂತ ಅನಿಸಿತು. ಮನೆಗೆ ಬಂದು ಪ್ರಿಂಟ್ ಗೋಡೆಗೆ ಆನಿಸಿ ಇಟ್ಟೆ. ಮೂರನೇ ದಿನ ಚಹಾ ಕುಡಿಯುತ್ತಾ ನೋಡಿದಾಗ ನನಗೂ ತೂಬೇ ಕಂಡಿತು. 52 ಮೀಟರ್ ಎತ್ತರ ನನ್ನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ಎತ್ತರ ಅಳೆಯಲು ಅಲ್ಲಿ ಒಂದು ಮರ ಇಲ್ಲ, ಒಬ್ಬ ಮನುಷ್ಯ ಇಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ. ಅಷ್ಟರಲ್ಲಿ ನೀರು ಇಳಿದಿತ್ತು. ಆದರೂ ದೂರದ ಬಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಇಬ್ಬರನ್ನು ಸೇರಿಸಿ ತೆಗೆದೆ. ಅವರು ಕಡ್ಡಿಯಷ್ಟು ಕಂಡರು, ಜಲಪಾತ ಜಲಪಾತವಾಯಿತು. ನೀರು ಕಡಿಮೆ ಇದ್ದ ಆ ಫೋಟೋವೇ ಇವತ್ತಿಗೂ ನನ್ನ ಮನೆಯಲ್ಲಿದೆ. (ಗೋಕಾಕಿಗೆ ಹೋದರೆ ಅಂಚಿಗೆ ಮಾತ್ರ ಹೋಗಬೇಡಿ. ಕೊಡೆಯವರೂ ದೂರದಲ್ಲೇ ಇದ್ದರು. ಒದ್ದೆ ಬಂಡೆ ಯಾರನ್ನೂ ಕೇಳುವುದಿಲ್ಲ.)

ಮಾಸ್ತರರಿಗೆ ಶಟರ್ ಸ್ಪೀಡ್ ಅಂದರೇನು ಅಂತ ಗೊತ್ತಿರಲಿಲ್ಲ. ಹಾಗಾಗಿ ‘ನಾನೇ ಕಲಿಯುವವಳು, ಏನು ಹೇಳಲಿ’ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೇಳುವ ವಿಷಯ. ‘ಹೇಗಿದೆ?’ ಅಂತ ಕೇಳಿದರೆ ‘ಸೂಪರ್’ ಅನ್ನುವುದು ಬಿಟ್ಟರೆ ಯಾರು ಏನು ಹೇಳಬೇಕು? ಯಾರದೋ ಮನೆಗೆ ಊಟಕ್ಕೆ ಹೋಗಿದ್ದೀರಿ. ಅವರು ರೊಟ್ಟಿ ಬಡಿಸುತ್ತಾ ‘ಪಲ್ಯ ಹೆಂಗಾಗೇತ್ರಿ?’ ಅಂದರೆ ಉಪ್ಪು ಜಾಸ್ತಿ ಅಂತ ಹೇಳುತ್ತೀರಾ? ಅದು ಪ್ರಶ್ನೆಯೇ ಅಲ್ಲ, ಉಪಚಾರ. ಅದಕ್ಕೆ ಉಪಚಾರದ ಉತ್ತರವೇ ಬರುತ್ತದೆ. ಅಷ್ಟೂ ಸೂಪರ್‌ಗಳಿಗಾಗಿ ನಿಮ್ಮ ಬಂಧುಬಳಗವನ್ನು ಬೈಯಬೇಡಿ. ನೀವು ಕೇಳಿದ್ದನ್ನೇ ಅವರು ಕೊಟ್ಟಿದ್ದಾರೆ.

ಬೇರೆ ಥರ ಕೇಳಿ. ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ಅನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಯಾರಿಗೂ ಸಂಕೋಚವಿಲ್ಲ, ಏಕೆಂದರೆ ಹೊಗಳಬೇಕಾಗಿಲ್ಲ, ತೆಗಳಬೇಕಾಗಿಯೂ ಇಲ್ಲ. ಎರಡನೆಯದು, ‘ಇದರಲ್ಲಿ ಏನಾದರೂ ಒಂದನ್ನು ಮುಚ್ಚಬಹುದಾದರೆ ಯಾವುದನ್ನು ಮುಚ್ಚುತ್ತೀರಿ?’ ಅವರು ನಿಜವಾಗಿ ಬೆರಳಿಟ್ಟು ಮುಚ್ಚಲಿ. ಮತ್ತೆ, ಒಂದೇ ಫೋಟೋ ತೋರಿಸಬೇಡಿ. ಒಂದೇ ಜಾಗದ ಎರಡು ಮೂರು ಫೋಟೋ ಮುಂದಿಟ್ಟು ಯಾವುದು ಇಟ್ಟುಕೊಳ್ಳಲಿ ಅಂತ ಕೇಳಿ. ಒಂದನ್ನು ತೋರಿಸಿದರೆ ಜನ ನಿಮ್ಮ ಮುಖ ನೋಡುತ್ತಾರೆ. ಮೂರು ತೋರಿಸಿದರೆ ಫೋಟೋ ನೋಡುತ್ತಾರೆ. ನಮ್ಮ ಕಡೆ ಸೀರೆ ಆರಿಸುವಾಗ ಎಷ್ಟು ನಿರ್ದಾಕ್ಷಿಣ್ಯವಾಗಿ ಮಾತಾಡುತ್ತೇವೆ ನೋಡಿ, ಹಾಗೆ.

ಕೇಳುವ ಮುಂಚೆ ಕಥೆ ಹೇಳಬೇಡಿ. ‘ಇದಕ್ಕೆ ಎಷ್ಟು ಒದ್ದಾಡಿದೆ ಗೊತ್ತೇನ್ರಿ’ ಅಂತ ಶುರು ಮಾಡಿದರೆ ಮುಗಿಯಿತು, ಅವರು ನಿಮ್ಮ ಒದ್ದಾಟಕ್ಕೆ ಮಾರ್ಕ್ಸ್ ಕೊಡುತ್ತಾರೆ.

ನೀವು ಟೀಚರ್ ಆಗಿರುವುದರಿಂದ ನಿಮಗೊಂದು ಅನುಕೂಲವಿದೆ, ನನಗೆ ಅಸೂಯೆಯೇ ಆಗುತ್ತದೆ. ಒಂದು ದಿನ ಪಾಠ ಮುಗಿದ ಮೇಲೆ ಎಂಟನೇ ಕ್ಲಾಸಿನ ಮಕ್ಕಳಿಗೆ ನಿಮ್ಮ ಪ್ರಿಂಟನ್ನು ಐದು ಎಣಿಸುವಷ್ಟು ಹೊತ್ತು ತೋರಿಸಿ. ಆಮೇಲೆ ಬೋರಲು ಹಾಕಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಲು ಹೇಳಿ. ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಜನ ಗುಡಿ ಬರೆದರೆ ನಿಮ್ಮ ಫೋಟೋದಲ್ಲಿ ಗುಡಿ ಇದೆ. ಎಲ್ಲರೂ ಹಳದಿ ಸೀರೆ ಬರೆದರೆ ಅದು ಹಳದಿ ಸೀರೆಯ ಫೋಟೋ. ಇದಕ್ಕಿಂತ ಪ್ರಾಮಾಣಿಕ ವಿಮರ್ಶೆ ನಿಮಗೆ ಯಾವ ತೀರ್ಪುಗಾರರಿಂದಲೂ ಸಿಗುವುದಿಲ್ಲ.

ಪ್ರಿಂಟ್ ಅಂದೆ. ಅದು ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಫೈಲನ್ನು ಹಿಂಡಿ ಕಳಿಸುತ್ತದೆ, ಬಂಡೆಯ ಮೈಯ ಸಣ್ಣ ಗೆರೆಗಳೆಲ್ಲ ಹೋಗುತ್ತವೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ನೋಡುವವರ ಮೊಬೈಲ್ ಬ್ರೈಟ್‌ನೆಸ್ ಒಬ್ಬರದು ಪೂರ್ತಿ, ಇನ್ನೊಬ್ಬರದು ಅರ್ಧ. ಒಬ್ಬರು ‘ಕತ್ತಲಾಗಿದೆ’ ಅನ್ನುತ್ತಾರೆ, ಒಬ್ಬರು ‘ಸರಿಯಾಗಿದೆ’ ಅನ್ನುತ್ತಾರೆ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ತಿಂಗಳಿಗೊಮ್ಮೆ ಕೂಡುವಾಗ ಎಲ್ಲರೂ 8 ಇಂಚು 12 ಇಂಚಿನ ಪ್ರಿಂಟ್ ತರುವುದು ಅಂತ ನಿಯಮ ಮಾಡಿಬಿಡಿ. ಕಾಗದ ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಅಲ್ಲದೆ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಬೇಕು ಅಂದಾಗ ಮನುಷ್ಯ ತಾನೇ ನಾಲ್ಕು ಸಲ ಆರಿಸುತ್ತಾನೆ. ಅರ್ಧ ವಿಮರ್ಶೆ ಅಲ್ಲೇ ಮುಗಿಯುತ್ತದೆ.

ಇನ್ನು ಕೇಳಿಸಿಕೊಳ್ಳುವುದು. ಒಂದೇ ಕಟ್ಟುನಿಟ್ಟು: ಅವರು ಮಾತಾಡುವಾಗ ನೀವು ಮಾತಾಡಬೇಡಿ. ‘ಅಲ್ಲಿ ನಿಲ್ಲಾಕ ಜಾಗಾ ಇರಲಿಲ್ರಿ’, ‘ಅವತ್ತು ಮೋಡ ಇತ್ರಿ’ ಅಂತ ಬಾಯಿಗೆ ಬಂದೇ ಬರುತ್ತದೆ. ನುಂಗಿಕೊಳ್ಳಿ. ಮೋಡ ಇದ್ದದ್ದು ನಿಜವೇ ಇರಬಹುದು, ಅದರಿಂದ ಫೋಟೋ ಬದಲಾಗುವುದಿಲ್ಲ, ಹೇಳುವವರ ಬಾಯಿ ಮಾತ್ರ ಕಟ್ಟುತ್ತದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೈ ಬರೆಯುತ್ತಿದ್ದರೆ ಬಾಯಿ ಸುಮ್ಮನಿರುತ್ತದೆ. ಮೂರು ದಿನ ಬಿಟ್ಟು ಫೋಟೋ ಜೊತೆ ಇಟ್ಟು ಓದಿ. ಮೂರು ದಿನ ಯಾಕೆ ಅಂದರೆ ನನಗೆ ಅಷ್ಟು ಬೇಕಾಯಿತು. ನಿಮಗೆ ಎರಡೇ ಸಾಕಾಗಿದೆ.

ಹೇಳಿದ್ದೆಲ್ಲ ಒಂದೇ ತೂಕದ್ದಲ್ಲ. ನೀರಿನ ಅಂಚು ಓರೆಯಾಗಿದೆ, ಫೋಕಸ್ ಹಿಂದಿನ ಗುಡ್ಡಕ್ಕೆ ಹೋಗಿ ಮುಂದಿನ ಕಲ್ಲು ಮಸುಕಾಗಿದೆ, ಮೋಡ ಬಿಳಿಯಾಗಿ ಸುಟ್ಟಿದೆ, ಇಂಥವು ಅಳೆದು ನೋಡಬಹುದಾದ ತಪ್ಪುಗಳು. ವಾದ ಮಾಡಬೇಡಿ, ಸರಿ ಮಾಡಿ. ಕೆರೆಯ ನೀರು ಎಂದೂ ಓರೆಯಾಗಿ ನಿಲ್ಲುವುದಿಲ್ಲ. ‘ಏನ್ ನೋಡ್ಲಿ’, ‘ಕಣ್ಣು ಹೊರಗೆ ಹೋಗುತ್ತದೆ’, ‘ಎತ್ತರ ಗೊತ್ತಾಗುವುದಿಲ್ಲ’ ಅನ್ನುವಂಥವು ಅಳತೆಗೆ ಸಿಗುವುದಿಲ್ಲ, ಆದರೆ ಇವೇ ಬೆಲೆ ಬಾಳುವ ಮಾತು. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗಕ್ಕೆ ಬೆರಳು ಇಟ್ಟರೆ ಅಲ್ಲಿ ಏನೋ ಇದೆ ಅಂತಲೇ ತಿಳಿಯಿರಿ. ಅವರು ಹೇಳುವ ಪರಿಹಾರ ತಪ್ಪಿರಬಹುದು, ತೋರಿಸಿದ ಜಾಗ ತಪ್ಪಿರುವುದಿಲ್ಲ. ಇನ್ನು ‘ನನಗೆ ಬ್ಲ್ಯಾಕ್ ಆ್ಯಂಡ್ ವೈಟ್ ಇಷ್ಟ’ ಅಂದರೆ ಅದು ಅವರ ನಾಲಿಗೆಯ ರುಚಿ, ನಿಮ್ಮ ಅಡಿಗೆಯ ದೋಷವಲ್ಲ. ‘ಇದು ನಿಮ್ಮಂಥವರಿಗೆ ಬರುವ ಕೆಲಸ ಅಲ್ಲ’ ಅಂತ ಯಾರಾದರೂ ಹೇಳಿದರೆ ಅದು ಫೋಟೋ ಬಗ್ಗೆ ಹೇಳಿದ ಮಾತೇ ಅಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗ ಕೊಡಬೇಡಿ.

ಅರ್ಧ ಕಲಿತವರ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಿ. ಯಾವ ಫೋಟೋ ತೋರಿಸಿದರೂ ‘ಮೂರರಲ್ಲಿ ಒಂದು ಭಾಗದ ನಿಯಮ ಪಾಲಿಸಿಲ್ಲ’ ಅನ್ನುವವರು ಎಲ್ಲ ಊರಲ್ಲೂ ಒಬ್ಬರು ಇರುತ್ತಾರೆ. ಫ್ರೇಮನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ನಟ್ಟನಡುವೆ ಇಡದೆ ಪಾಲಿನ ಗೆರೆಯ ಮೇಲೆ ಇಡಬೇಕು ಅನ್ನುವುದು ಆ ನಿಯಮ. ನೀರು ಕನ್ನಡಿಯಂತೆ ನಿಂತು ಬಂಡೆಯ ಬಿಂಬ ಪೂರ್ತಿ ಬಿದ್ದಾಗ ದಡದ ಗೆರೆ ನಟ್ಟನಡುವೆ ಇದ್ದರೂ ನಡೆಯುತ್ತದೆ. ಮೇಲೆ ಕೆಳಗೆ ಸಮನಾಗಿದೆ ಅನ್ನುವುದೇ ಆ ಫೋಟೋದ ವಿಷಯ. ನಿಯಮ ಹೇಳಿದವರಿಗೆ ನಗುಮುಖದಿಂದ ‘ಹಂಗ ಇಟ್ಟಿದ್ರ ಏನ್ ಬದಲಾಗ್ತಿತ್ರಿ?’ ಅಂತ ಕೇಳಿ. ಉತ್ತರ ಇದ್ದರೆ ನೀವು ಒಂದು ಕಲಿತಿರಿ. ಇಲ್ಲದಿದ್ದರೆ ಅವರು ಕಲಿತರು.

ಈಗ ಹೇಳುವ ವಿಷಯಕ್ಕೆ ಬರೋಣ. ನಿಮಗೆ ಭಯ ಇರುವುದು ಇಲ್ಲೇ.

ಕಂಡದ್ದನ್ನು ಹೇಳಲು ಪರಿಣತಿ ಬೇಕಿಲ್ಲ. ಬೆಲೆ ಕಟ್ಟಲು ಬೇಕು. ನೀವು ಬೆಲೆ ಕಟ್ಟಬೇಡಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡನ್ನೂ ಮೊದಲ ಎರಡು ನಿಮಿಷ ಬಾಯಿಂದ ದೂರ ಇಡಿ. ನಾನು ಈ ಉತ್ತರದ ಶುರುವಿಗೆ ನಿಮ್ಮ ಫೋಟೋಗೆ ಮಾಡಿದ್ದು ಅಷ್ಟೇ: ಇಲ್ಲಿ ನೀರಿದೆ, ಇಲ್ಲಿ ಬಂಡೆ ಇದೆ, ಕಣ್ಣು ಇಲ್ಲಿಗೆ ಹೋಯಿತು, ಇಲ್ಲಿಂದ ಹೊರಗೆ ಬಂತು. ಆಮೇಲೆ ತೆಗೆದವರನ್ನು ‘ನಿಮಗೆ ಏನು ತೋರಿಸಬೇಕಿತ್ತು?’ ಅಂತ ಕೇಳಿ. ಅವರಿಗೆ ತೋರಿಸಬೇಕಿದ್ದದ್ದು, ನಿಮಗೆ ಕಂಡದ್ದು, ಎರಡರ ನಡುವೆ ಎಷ್ಟು ದೂರ ಇದೆ ಅಂತ ಇಬ್ಬರೂ ಸೇರಿ ನೋಡಿ. ಬಹಳ ಸಲ ನೀವು ಮುಂದೆ ಏನೂ ಹೇಳಬೇಕಾಗುವುದೇ ಇಲ್ಲ. ಅವರೇ ‘ಓ, ಹಂಗಾ’ ಅನ್ನುತ್ತಾರೆ.

ಒಂದು ಉದಾಹರಣೆ. ಬಳಗದಲ್ಲಿ ಒಬ್ಬರು ಪಟ್ಟದಕಲ್ಲಿನ ಸಂಜೆಯ ಫೋಟೋ ತಂದಿದ್ದಾರೆ ಅಂದುಕೊಳ್ಳಿ. ಕಲ್ಲು ಕುಂಕುಮ ಸುರಿದಷ್ಟು ಕೆಂಪಾಗಿದೆ. ‘ಕಲರ್ ಬಹಳ ಜಾಸ್ತಿ ಆತ್ರಿ’ ಅಂದರೆ ಅವರು ‘ಅವತ್ತು ಹಂಗೇ ಇತ್ತು’ ಅನ್ನುತ್ತಾರೆ, ಮಾತು ಅಲ್ಲೇ ಜಗಳವಾಗಿ ಕೂರುತ್ತದೆ. ಅದರ ಬದಲು ‘ಗೋಡೆಯ ಮೇಲೆ ಕಲ್ಲಿನ ಗೆರೆ, ಕೆತ್ತನೆ ನನಗೆ ಕಾಣ್ತಾ ಇಲ್ಲ, ನಿಮಗೆ ಕಾಣ್ತದೇನು?’ ಅಂತ ಕೇಳಿ. ಇದಕ್ಕೆ ಕಾರಣವೂ ಇದೆ, ತಿಳಿದುಕೊಂಡಿದ್ದರೆ ಒಳ್ಳೆಯದು. ನಮ್ಮ ಮಲಪ್ರಭಾ ಕಣಿವೆಯ ಮರಳುಗಲ್ಲು ಮೊದಲೇ ಕೆಂಪು. ಅದರ ಮೇಲೆ ಸಂಜೆಯ ಬಿಸಿಲೂ ಕೆಂಪು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನು ಬೇರೆ ಬೇರೆ ದಾಖಲಿಸುತ್ತದೆ. ಮೂರನ್ನೂ ಮೂರು ಕೊಡ ಅಂದುಕೊಳ್ಳಿ, ಹಸಿರು, ನೀಲಿ ಇನ್ನೂ ಅರ್ಧ ತುಂಬಿರುವಾಗಲೇ ಕೆಂಪಿನ ಕೊಡ ತುಂಬಿ ಚೆಲ್ಲುತ್ತದೆ. ಬರೀ ಬೆಳಕಿನ ಹಿಸ್ಟೋಗ್ರಾಮ್ (ಎಷ್ಟು ಬೆಳಕು ದಾಖಲಾಗಿದೆ ಅಂತ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಕೆಂಪು ಹಸಿರು ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ತೆರೆದರೆ ಕೆಂಪು ಬಲಗಡೆ ಗೋಡೆಗೆ ಹೋಗಿ ಗುದ್ದಿರುತ್ತದೆ. ಅದರ ಮೇಲೆ ಮನೆಗೆ ಬಂದು ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಬೇರೆ ಎಳೆದಿರುತ್ತೇವೆ. ಚೆಲ್ಲಿದ ಕೊಡದಲ್ಲಿ ಕೆತ್ತನೆ ಉಳಿಯುವುದಿಲ್ಲ. ತೆಗೆಯುವಾಗಲೇ ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕು) ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಬಹಳಷ್ಟು ಉಳಿಯುತ್ತದೆ. ನೋಡಿ, ‘ಕಲರ್ ಜಾಸ್ತಿ’ ಅನ್ನುವುದು ತೀರ್ಪು. ‘ಗೆರೆ ಕಾಣ್ತಾ ಇಲ್ಲ’ ಅನ್ನುವುದು ಕಂಡದ್ದು. ಎರಡನೆಯದರ ಹಿಂದೆ ದಾರಿ ಇದೆ.

ಒಂದು ಸಲಕ್ಕೆ ಒಂದು ವಿಷಯ ಹೇಳಿ, ಹೆಚ್ಚೆಂದರೆ ಎರಡು. ಹತ್ತು ತಪ್ಪು ಪಟ್ಟಿ ಮಾಡಿದರೆ ಕಲಿಯುವವರು ಹತ್ತನ್ನೂ ಬಿಟ್ಟು ನಿಮ್ಮ ಮುಖ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಉತ್ತರಪತ್ರಿಕೆ ತಿದ್ದುವವರು ನೀವು, ನಾನು ಹೇಳಬೇಕೇ?

ಹೊಗಳಿಕೆಯ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೊದಲು ಹೊಗಳು, ನಡುವೆ ತಪ್ಪು ಹೇಳು, ಕೊನೆಗೆ ಮತ್ತೆ ಹೊಗಳು ಅಂತ ಬಹಳ ಜನ ಕಲಿಸುತ್ತಾರೆ. ಕೇಳುವವರು ದಡ್ಡರಲ್ಲ. ‘ಆದರೆ’ ಅನ್ನುವ ಪದ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ, ಹೊಗಳಿಕೆ ಕಿವಿಗೆ ಬೀಳುವುದೇ ಇಲ್ಲ. ಹಾಗಂತ ಬರೀ ತಪ್ಪನ್ನೇ ಹೇಳಬೇಕೆಂದಲ್ಲ. ಹೊಸದಾಗಿ ಕಲಿಯುವವರಿಗೆ ತಾವು ಏನು ತಪ್ಪು ಮಾಡಿದೆವು ಅಂತ ಗೊತ್ತಿರುವುದಿಲ್ಲ, ಒಪ್ಪುತ್ತೇನೆ. ಏನು ಸರಿ ಮಾಡಿದೆವು ಅಂತಲೂ ಗೊತ್ತಿರುವುದಿಲ್ಲ. ಅದನ್ನು ಯಾರೂ ಹೇಳದಿದ್ದರೆ ಮುಂದಿನ ಸಲ ಆ ಸರಿಯನ್ನೇ ತೆಗೆದುಹಾಕಿಬಿಡುತ್ತಾರೆ. ಹಾಗಾಗಿ ಕೆಲಸ ಮಾಡುತ್ತಿರುವ ಭಾಗಕ್ಕೆ ಬೆರಳಿಟ್ಟು, ಯಾಕೆ ಕೆಲಸ ಮಾಡುತ್ತಿದೆ ಅಂತ ಹೇಳಿ. ಅದು ಹೊಗಳಿಕೆ ಅಲ್ಲ, ಮಾಹಿತಿ.

‘ನಾ ಇದ್ದದ್ದು ಇದ್ದಂಗ ಹೇಳಾಂವ’ ಅಂತ ಎದೆ ತಟ್ಟಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆಯೂ ಅವರ ಬಾಯಲ್ಲಿರುತ್ತದೆ. ನನ್ನ ಅನುಭವದಲ್ಲಿ ಇಂಥವರಲ್ಲಿ ಹೆಚ್ಚಿನವರು ಇದ್ದದ್ದನ್ನು ಹೇಳುವುದಿಲ್ಲ, ಸಿಟ್ಟು ಹೇಳುತ್ತಾರೆ. ಮೈಮರೆತು ನೋಡಿದವರ ಮಾತು ಮೆಲ್ಲಗೇ ಇರುತ್ತದೆ, ನಿಮ್ಮ ಹಿರಿಯರ ಹಾಗೆ.

ವಯಸ್ಸಿನಲ್ಲಿ ದೊಡ್ಡವರಿಗೆ ಹೇಳುವುದು ನಮ್ಮ ಕಡೆ ಕಷ್ಟವೇ. ಪ್ರಶ್ನೆಯಾಗಿ ತಿರುಗಿಸಿ. ‘ಸರ, ಒಂದ್ ಕೇಳ್ಲ್ಯಾ? ಈ ಲೈಟಿನ ಕಂಬ ಬೇಕಂತ ಇಟ್ಟೀರೇನ್ರಿ?’ ಬೇಕಂತಲೇ ಇಟ್ಟಿದ್ದರೆ ಕಾರಣ ಹೇಳುತ್ತಾರೆ. ಇಲ್ಲದಿದ್ದರೆ ಅವರಿಗೆ ಆ ಕಂಬ ಅವತ್ತೇ ಮೊದಲ ಸಲ ಕಾಣುತ್ತದೆ. ಮತ್ತೆ ಯಾರೂ ಕೇಳದೆ ಅವರ ಫೋಟೋವನ್ನು ನಿಮ್ಮ ಮೊಬೈಲಿನಲ್ಲಿ ತಿದ್ದಿ ‘ಹೀಗೆ ಮಾಡಿದ್ರೆ ಚೆನ್ನಾಗಿತ್ತು’ ಅಂತ ವಾಪಸ್ ಕಳಿಸಬೇಡಿ. ಬೇರೆಯವರ ರಂಗೋಲಿ ಅಳಿಸಿ ನಿಮ್ಮದು ಹಾಕಿದ ಹಾಗೆ ಅದು.

ಇನ್ನೊಂದು ಮಾತು ಬಳಗದಲ್ಲಿ ಬಂದೇ ಬರುತ್ತದೆ: ‘ಈ ಜಾಗ ಸಾವಿರ ಸಲ ನೋಡೀವಿ ಬಿಡ್ರಿ.’ ವಿಜಯಪುರದಿಂದ ಬರುವವರು ಎರೆಹೊಲದ ಜೋಳದ ಆಚೆ ಗೋಳಗುಮ್ಮಟ ಎದ್ದು ನಿಂತ ಫೋಟೋ ತಂದಾಗ ಇದನ್ನು ಕೇಳಬೇಕಾಗುತ್ತದೆ. ಥಾಮಸ್ ಬಿಗ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ವಿಜಯಪುರ, ಬಾದಾಮಿಗಳ ಫೋಟೋ ತೆಗೆದದ್ದು 1855ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಕಲ್ಲುಗಳ ಎದುರು ಎಷ್ಟು ಕ್ಯಾಮೆರಾ ನಿಂತಿರಬಹುದು ನೀವೇ ಯೋಚಿಸಿ. ಹೊಸದೇನು ಅಂತ ಕೇಳುವುದು ಹತ್ತು ವರ್ಷ ತೆಗೆದವರಿಗೆ ನ್ಯಾಯ. ಒಂದೂವರೆ ವರ್ಷದವರಿಗೆ ಅನ್ಯಾಯ. ಹಾಡು ಕಲಿಯುವವರು ಹಾಡಿದ ರಾಗವನ್ನೇ ಹಾಡುತ್ತಾರೆ.

ನಿಮ್ಮ ಫೋಟೋಗೆ ವಿಮರ್ಶಕರು ಸಿಗದ ದಿನ ನೀವೇ ಆಗಬಹುದು, ಆದರೆ ಅದಕ್ಕೆ ಕಾಲ ಬೇಕು. ಆರು ತಿಂಗಳು ಹಳೆಯ ಫೈಲ್ ತೆರೆದು ನೋಡಿ, ಬಸ್ಸು, ಬಿಸಿಲು, ಗಾಳಿ ಎಲ್ಲ ಮರೆತಿರುತ್ತೀರಿ. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಅನ್ನುವ ಹಳ್ಳಿಯ ಮೇಲೆ ಚಂದ್ರ ಮೂಡಿದ ಫೋಟೋ ತೆಗೆದರು. ಪ್ರಿಂಟೆಲ್ಲ ಆ ಒಂದೇ ನೆಗೆಟಿವ್‌ನಿಂದ. ಮೊದಮೊದಲ ಪ್ರಿಂಟುಗಳಲ್ಲಿ ಮೇಲಿನ ಆಕಾಶ ಬೂದಿಬಣ್ಣ, ತೆಳುಮೋಡದ ಎಳೆಗಳೂ ಕಾಣುತ್ತವೆ. ವರ್ಷ ಕಳೆದಂತೆ ಅವರೇ ಆಕಾಶವನ್ನು ಕಪ್ಪಾಗಿಸುತ್ತಾ ಹೋದರು. ಕೊನೆಕೊನೆಯ ಪ್ರಿಂಟುಗಳಲ್ಲಿ ಅದು ಹೆಚ್ಚೂಕಡಿಮೆ ಕಗ್ಗತ್ತಲು. ಅಷ್ಟು ದೊಡ್ಡವರೂ ತಮ್ಮ ಫೋಟೋಗೆ ಮತ್ತೆ ಮತ್ತೆ ‘ಇದರಲ್ಲಿ ಏನು ನೋಡಲಿ’ ಅಂತ ಕೇಳಿಕೊಂಡಿದ್ದಾರೆ.

ಸರಿ, ಈಗ ನಿಮ್ಮ ಅಗಸ್ತ್ಯ ತೀರ್ಥ. ಹೇಳಿದ್ದನ್ನು ನಾನೇ ಮಾಡಿ ತೋರಿಸಬೇಕಲ್ಲ.

ಕೆಲಸ ಮಾಡುತ್ತಿರುವುದು: ಎಡಗಡೆಯಿಂದ ಬರುವ ಬಂಡೆಯ ಇಳಿಜಾರು ಮತ್ತು ನೀರಿನ ಅಂಚು ಎರಡೂ ಸೇರಿ ಗುಡಿಯ ಕಡೆಗೆ ಕೈ ತೋರುತ್ತಿವೆ. ನೀವು ಬೇಕಂತ ಮಾಡಿದಿರೋ, ಆಗಿಹೋಯಿತೋ, ಅದನ್ನು ಬಿಡಬೇಡಿ. ಕೆಲಸ ಮಾಡದಿರುವುದು: ಆ ಕೈ ತೋರಿದ ಜಾಗದಲ್ಲಿ ಗುಡಿ ಸಾಕಷ್ಟು ದೊಡ್ಡದಿಲ್ಲ, ಅದರ ಮೇಲೆ ಬೆಳಕೂ ಇಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಂಡೀತು, ವೈಡ್ ಲೆನ್ಸಿಗೆ ಮಾತ್ರ ಅದು ಇರುವೆಗೂಡು. 18ರಲ್ಲಿ ಹತ್ತಿರದ ನೀರು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ನಿಮ್ಮ ಕಿಟ್ ಲೆನ್ಸನ್ನು ದೂರದ್ದನ್ನು ಹತ್ತಿರ ತರುವ 55ರ ತುದಿಗೆ ತಿರುಗಿಸಿ, ಇಲ್ಲವೇ ಉತ್ತರದ ದಡ ಹಿಡಿದು ಗುಡಿಯ ಕಡೆ ನಡೆಯಿರಿ. ಎರಡೂ ಮಾಡಿ ಎರಡು ಪ್ರಿಂಟ್ ತಂದರೆ ಇನ್ನೂ ಒಳ್ಳೆಯದು.

ಹೊತ್ತಿನ ವಿಷಯ. ಭೂತನಾಥ ಗುಡಿ ಕೆರೆಯ ಪೂರ್ವದ ದಡದಲ್ಲಿದೆ, ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ಅದರ ಬೆನ್ನ ಹಿಂದೆ, ಮಧ್ಯಾಹ್ನ ನೆತ್ತಿಯ ಮೇಲೆ. ಇಳಿಹೊತ್ತಿನಲ್ಲಿ ಮಾತ್ರ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ, ಹಿಂದಿನ ಬಂಡೆಯೂ ಆಗಲೇ ಬೆಚ್ಚಗಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಮುಳುಗುತ್ತಾನೆ, ಹಾಗಾಗಿ ಗುಹೆಗಳಿರುವ ದಕ್ಷಿಣದ ಗುಡ್ಡದ ನೆರಳು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಒಂದು ಸಂಜೆ ಕ್ಯಾಮೆರಾ ಚೀಲದಲ್ಲೇ ಇಟ್ಟು ಸುಮ್ಮನೆ ಕೂತು ನೋಡಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಕೆಂಪನ್ನು ದೋಷ ಅಂತ ತಿಳಿದು ತಣ್ಣಗೆ ಮಾಡಿಬಿಡಬಹುದು. ಡೇಲೈಟ್‌ಗೆ ಇಡಿ. ಟ್ರೈಪಾಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8 ಅಥವಾ 11 ಸಾಕು. ಎಲ್ಲ ಶಾರ್ಪ್ ಬರಲಿ ಅಂತ ಕಿಂಡಿಯನ್ನು ಇನ್ನೂ ಕಿರಿದು ಮಾಡಿ 22ಕ್ಕೆ ಹೋದರೆ ಬೆಳಕು ಹರಡಿಕೊಳ್ಳುತ್ತದೆ, ಆ ಡಿಫ್ರ್ಯಾಕ್ಷನ್‌ನಿಂದ ಎಲ್ಲವೂ ಸ್ವಲ್ಪ ಮೆತ್ತಗಾಗುತ್ತದೆ. ಹೊಳಪು, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಹುಷಾರು, ಪೂರ್ತಿ ತಿರುಗಿಸಿದರೆ ನೀವು ಹುಡುಕಿಕೊಂಡು ಬಂದ ಬಿಂಬವನ್ನೇ ಅದು ಅಳಿಸಬಹುದು.

ಇಷ್ಟು ಹೇಳಿ ಮುಗಿಸಬೇಕು ಅಂತಿದ್ದೆ. ಆದರೆ ಬರೆಯುತ್ತಾ ಬರೆಯುತ್ತಾ ನಿಮ್ಮ ಫೋಟೋವನ್ನು ಮತ್ತೆ ನಾಲ್ಕು ಸಲ ತೆರೆದೆ. ನಾಲ್ಕು ಸಲವೂ ಕಣ್ಣು ಹೋದದ್ದು ಆ ಮೂಲೆಗೇ. ಹಳದಿ ಸೀರೆ, ಎತ್ತಿದ ಕೈ, ಒದ್ದೆ ಕಲ್ಲು. ಅವರನ್ನು ಕತ್ತರಿಸಿ ತೆಗೆಯಿರಿ ಅಂತ ಹೇಳುವುದು ಸುಲಭ, ನಾನೂ ಮೊದಲು ಹಾಗೇ ಅಂದುಕೊಂಡೆ. ಈಗ ನನಗೆ ಅನುಮಾನ. ಗುಡಿಗಾಗಿ ಹೋದ ನಿಮಗೆ ಬೇರೆ ಫೋಟೋ ಸಿಕ್ಕು, ಅದನ್ನು ನೀವು ಅರ್ಧ ಮಾತ್ರ ತೆಗೆದಿರಬಹುದು. ಮುಂದಿನ ಸಲ ಹೋದಾಗ ಅವರ ಹತ್ತಿರ ಎರಡು ಮಾತಾಡಿ, ‘ಅಕ್ಕಾರ, ಒಂದ್ ಫೋಟೋ ತಗೀಲ್ಯಾ?’ ಅಂತ ಕೇಳಿ. ಒಪ್ಪಿದರೆ ಅವರನ್ನು ಪೂರ್ತಿಯಾಗಿ ಫ್ರೇಮಿನ ಒಳಗೆ ಕೂರಿಸಿ, ಹಿಂದೆ ಕೆರೆ, ಆಚೆ ಗುಡಿ. ಬೇಡ ಅಂದರೆ ಅರ್ಧ ಹೆಜ್ಜೆ ಎಡಕ್ಕೆ ಸರಿದು ನಿಲ್ಲಿ. ಯಾವುದಾದರೂ ಸರಿ, ಪ್ರಿಂಟ್ ಹಾಕಿಸಿ ಮೊದಲು ಆ ಹಿರಿಯರಿಗೆ ತೋರಿಸಿ. ಅವರು ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ.